ಐಟಿಒ ಫಿಲ್ಮ್ ಸೂಪರ್‌ಕಂಡಕ್ಟರ್ ಆಗದಿದ್ದಾಗ, ಇಲ್ಲವೇ ಆದಂತೆ ನಟಿಸಿದಾಗ

ಫೋನಿನ ಪರದೆ, ಸೋಲಾರ್ ಸೆಲ್, ಎಲ್‌ಸಿಡಿ, ಇವೆಲ್ಲದರಲ್ಲೂ ಕಣ್ಣಿಗೆ ಕಾಣದ ಒಂದು ವಾಹಕ ಪದರ ಇರುತ್ತದೆ. ಹೆಚ್ಚಿನ ಕಡೆ ಅದು ಐಟಿಒ, ಅಂದರೆ ಇಂಡಿಯಂ ಟಿನ್ ಆಕ್ಸೈಡ್. ತೂಕದಲ್ಲಿ ಸಾಮಾನ್ಯವಾಗಿ 90 ಪಾಲು ಇಂಡಿಯಂ ಆಕ್ಸೈಡ್, 10 ಪಾಲು ತವರದ ಆಕ್ಸೈಡ್. ಹಾಗೇ ತಣ್ಣಗೆ ಮಾಡಿದರೆ 2 ಕೆಲ್ವಿನ್‌ವರೆಗೂ ಅದು ಒಂದು ಸಾಧಾರಣ ವಾಹಕ ಅಷ್ಟೇ. ಅದನ್ನೇ ಎಲೆಕ್ಟ್ರೋಲೈಟಿನಲ್ಲಿ ಅದ್ದಿ, ನೆಗೆಟಿವ್ ವೋಲ್ಟೇಜ್ ಕೊಟ್ಟು ಸೋಡಿಯಂನಂಥ ಅಯಾನುಗಳನ್ನು ಒಳಕ್ಕೆ ತೂರಿಸಿದರೆ 5 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕ, ಅಂದರೆ ರೋಧವೇ ಇಲ್ಲದ ಸೂಪರ್‌ಕಂಡಕ್ಟರ್ ಆಗುತ್ತದೆ. ವೋಲ್ಟೇಜ್ ತಿರುಗಿಸಿದರೆ ವಾಪಸ್ ಮೊದಲಿನಂತಾಗುತ್ತದೆ. ಇದು 2012ರಲ್ಲೇ ಪ್ರಕಟವಾದ ಸಂಗತಿ.

ಹೇಳುವುದಕ್ಕೆ ಸುಲಭ. ಮಾಡಲು ಕೂತರೆ ಗೊತ್ತಾಗುತ್ತದೆ. ಹೀಗೆ ಒಳಕ್ಕೆ ತೂರಿಸಿದ ಚಾರ್ಜ್ ಕಡಿಮೆಯಾದರೆ ಏನೂ ಆಗುವುದಿಲ್ಲ. ಸ್ವಲ್ಪ ಜಾಸ್ತಿ ಮಾಡಿದರೆ ಪರಿವರ್ತನೆಯ ತಾಪಮಾನ (ಫಿಲ್ಮ್ ಅತಿವಾಹಕವಾಗುವ ತಾಪಮಾನ, ಚಿಕ್ಕದಾಗಿ ಟಿಸಿ) ಮೇಲೇರುತ್ತದೆ. ಇನ್ನೂ ಜಾಸ್ತಿಯಾದರೆ ಇಳಿಯುತ್ತದೆ. ಅದನ್ನೂ ದಾಟಿದರೆ ಆಕ್ಸೈಡೇ ಒಡೆದು ಲೋಹದ ಇಂಡಿಯಂ ಹೊರಬರುತ್ತದೆ. ತೊಂದರೆ ಏನಪ್ಪಾ ಅಂದರೆ, ಆ ಇಂಡಿಯಂ ಕೂಡ ಸೂಪರ್‌ಕಂಡಕ್ಟರೇ! ಹಾಗಾಗಿ ಇಲ್ಲಿ ಎರಡು ತರದ ದೋಷ ಹುಡುಕಬೇಕು. ಬರಬೇಕಾದ ಸೂಪರ್‌ಕಂಡಕ್ಟಿವಿಟಿ ಬಾರದೇ ಇರುವುದು ಒಂದು. ಬಂದದ್ದು ನಮ್ಮ ಫಿಲ್ಮಿನದ್ದೇ ಅಲ್ಲದಿರುವುದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯ, ಯಾಕಂದರೆ ಅದು ದೋಷದಂತೆ ಕಾಣುವುದೇ ಇಲ್ಲ.

ಕೆಳಗಿನದ್ದೆಲ್ಲ ಗಾಜಿನ ಮೇಲಿನ ಸುಮಾರು 100 ನ್ಯಾನೋಮೀಟರ್ ದಪ್ಪದ ಐಟಿಒ, ಮೂರು ಎಲೆಕ್ಟ್ರೋಡಿನ ಸೆಲ್, ನಾಲ್ಕು ತಂತಿಯ ಅಳತೆ (ಎರಡರಲ್ಲಿ ಕರೆಂಟ್, ಬೇರೆ ಎರಡರಲ್ಲಿ ವೋಲ್ಟೇಜ್), ಮಾದರಿಯನ್ನು 2 ಕೆಲ್ವಿನ್‌ವರೆಗೆ ತಣ್ಣಗೆ ಮಾಡುವ ಕ್ರಯೋಸ್ಟಾಟ್ ಇದೆ ಅಂದುಕೊಂಡು ಬರೆದದ್ದು. ಹುಡುಕುವ ಕ್ರಮ ಇಷ್ಟು: ಮೊದಲು ತಂತಿ, ಆಮೇಲೆ ಥರ್ಮಾಮೀಟರ್, ಆಮೇಲೆ ಅದ್ದಿದ ಜಾಗ, ಆಮೇಲೆ ಚಾರ್ಜ್ ಲೆಕ್ಕ. ಫಿಲ್ಮಿನ ಮೇಲೆ ಅನುಮಾನ ಕೊನೆಗೆ.

ತಣ್ಣಗೆ ಮಾಡುವ ಮುಂಚೆ ಬರೆದಿಡಬೇಕಾದ್ದು

ಚಾರ್ಜ್ ಮಾಡುವ ಮೊದಲು ಮತ್ತು ಆದ ಮೇಲೆ, ಎರಡೂ ಸಲ ಕೋಣೆಯ ತಾಪಮಾನದಲ್ಲಿ ರೋಧ ಅಳೆದು ಬರೆದಿಡಿ. ಫಿಲ್ಮಿನ ಫೋಟೋ ತೆಗೆದಿಡಿ. ಹರಿಸಿದ ಒಟ್ಟು ಚಾರ್ಜ್ ಬರೆದಿಡಿ. ಸೆಲ್ಲಿನಿಂದ ತೆಗೆದ ಹೊತ್ತು, ತಣ್ಣಗೆ ಮಾಡಲು ಶುರು ಮಾಡಿದ ಹೊತ್ತು ಕೂಡ. ಈ ನಾಲ್ಕು ಇಲ್ಲದೆ ಆಮೇಲೆ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದ ಹಾಗೆ.

ಒಳ್ಳೆಯ ಐಟಿಒದ ರೆಸಿಸ್ಟಿವಿಟಿ 1.5ರಿಂದ 2 × 10⁻⁴ ಓಮ್-ಸೆಂಟಿಮೀಟರ್‌ನಷ್ಟು. ಅಂದರೆ 100 ನ್ಯಾನೋಮೀಟರ್ ದಪ್ಪಕ್ಕೆ ಚದರಕ್ಕೆ (ಉದ್ದ, ಅಗಲ ಸಮ ಇರುವ ತುಂಡಿಗೆ) 15ರಿಂದ 20 ಓಮ್. ನಿಮ್ಮ ಹೊಸ ಫಿಲ್ಮೇ ಚದರಕ್ಕೆ ನೂರಾರು ಓಮ್ ತೋರಿಸಿದರೆ ಅದನ್ನು ಬದಿಗಿಡಿ. ಬಹುಶಃ ಆಕ್ಸಿಜನ್ನಿನಲ್ಲಿ ಜಾಸ್ತಿ ಕಾಯಿಸಿರುತ್ತಾರೆ, ಇಲ್ಲವೇ ಪದರ ತುಂಬಾ ತೆಳು.

ತಣ್ಣಗಾಗುವಾಗಲೂ ಒಂದು ಕಣ್ಣಿಟ್ಟಿರಿ. ಐಟಿಒದಲ್ಲಿ ಎಲೆಕ್ಟ್ರಾನುಗಳು ಜಾಸ್ತಿ, ತಣ್ಣಗಾದರೂ ಅವು ಹೆಪ್ಪುಗಟ್ಟಿ ಕೂರುವುದಿಲ್ಲ. ಕಲ್ಮಶ, ಅಕ್ರಮಗಳಿಂದಾಗುವ ಚದುರುವಿಕೆಯೇ ರೋಧದ ದೊಡ್ಡ ಪಾಲು. ಹಾಗಾಗಿ 300ರಿಂದ 10 ಕೆಲ್ವಿನ್‌ಗೆ ಬಂದರೂ ರೋಧ ಸ್ವಲ್ಪವೇ ಇಳಿಯಬೇಕು. ಕೊನೆಯಲ್ಲಿ ಚೂರು ಮೇಲೆದ್ದರೂ ಗಾಬರಿ ಬೇಡ. ಅದೇ ಹಲವು ಪಟ್ಟು ಏರಿತು ಅಂದರೆ ಎಲ್ಲೋ ಬಿರುಕು ಬಿಟ್ಟಿದೆ. ಹಲವು ಪಟ್ಟು ಇಳಿಯಿತು ಅಂದರೆ ನೀವು ಅಳೆಯುತ್ತಿರುವುದು ಐಟಿಒವನ್ನಲ್ಲ, ಅದರ ಮೇಲೆ ಕೂತ ಲೋಹವನ್ನು.

ರೋಧ ಸೊನ್ನೆ ಅಂತಿದೆ. ನಂಬಬಹುದಾ?

ಸಂಭ್ರಮಕ್ಕೆ ಮುಂಚೆ ಒಂದು ಪ್ರಶ್ನೆ: ಕರೆಂಟ್ ನಿಜಕ್ಕೂ ಹರಿಯುತ್ತಿದೆಯಾ? ಕರೆಂಟ್ ತಂತಿಯ ಸಂಪರ್ಕ ತಣ್ಣಗಾಗಿ ಬಿಟ್ಟುಹೋದರೆ ವೋಲ್ಟೇಜ್ ಸೊನ್ನೆ. ವೋಲ್ಟೇಜ್ ತಂತಿಗಳೆರಡೂ ಒಂದಕ್ಕೊಂದು ತಾಗಿದರೂ ಸೊನ್ನೆ. ಪರದೆಯ ಮೇಲಿನ ಗ್ರಾಫಿನಲ್ಲಿ ಇವೆಲ್ಲ ಅಚ್ಚುಕಟ್ಟಾದ ಸೂಪರ್‌ಕಂಡಕ್ಟರ್‌ನಂತೆಯೇ ಕಾಣುತ್ತವೆ.

ಕರೆಂಟ್ ಸೋರ್ಸಿನ ಎರಡು ತುದಿಯ ನಡುವಿನ ವೋಲ್ಟೇಜ್ ನೋಡಿ. ಅದು ಮಿತಿಗೆ ಹೋಗಿ ನಿಂತಿದ್ದರೆ ಸರ್ಕ್ಯೂಟ್ ತೆರೆದಿದೆ ಎಂದೇ ಅರ್ಥ. ನಂತರ ಕರೆಂಟಿನ ದಿಕ್ಕು ಬದಲಿಸಿ. ಎರಡೂ ದಿಕ್ಕಿನ ಓದುಗಳ ಅರ್ಧ ವ್ಯತ್ಯಾಸವೇ ನಿಮ್ಮ ನಿಜವಾದ ವೋಲ್ಟೇಜ್. ತಂತಿಯ ಉದ್ದಕ್ಕೂ 300ರಿಂದ 2 ಕೆಲ್ವಿನ್‌ವರೆಗೆ ಹುಟ್ಟುವ ಉಷ್ಣ ವೋಲ್ಟೇಜ್ ಹೀಗೆ ಕಳೆದುಹೋಗುತ್ತದೆ. ಲಾಕ್-ಇನ್ (ಎಸಿ ಕರೆಂಟಿನಿಂದ ಸಣ್ಣ ಸಿಗ್ನಲ್ ಅಳೆಯುವ ಉಪಕರಣ) ಬಳಸುವವರು ಫೇಸ್ ನೋಡಲಿ. ಸಿಗ್ನಲ್ 90 ಡಿಗ್ರಿಯ ಕಡೆ ಜಾರಿದ್ದರೆ ಅಲ್ಲಿ ರೋಧ ಇಲ್ಲ, ಬರೀ ತಂತಿಗಳ ಕೆಪಾಸಿಟೆನ್ಸ್ ಇದೆ.

ಇನ್ನೊಂದು ಪರೀಕ್ಷೆ ಬಹಳ ಉಪಯೋಗದ್ದು, ಮಾಡುವವರು ಕಡಿಮೆ. ಕರೆಂಟ್ ಜೋಡಿಯನ್ನೂ ವೋಲ್ಟೇಜ್ ಜೋಡಿಯನ್ನೂ ಅದಲುಬದಲು ಮಾಡಿ. ಕಾಂತಕ್ಷೇತ್ರ ಇಲ್ಲದಿದ್ದರೆ ಎರಡೂ ಸಲ ಒಂದೇ ರೋಧ ಬರಬೇಕು. ಬರದಿದ್ದರೆ ಯಾವುದೋ ಸಂಪರ್ಕ ಕೆಟ್ಟಿದೆ, ಇಲ್ಲವೇ ಕರೆಂಟ್ ಬೇರೆಲ್ಲೋ ಸೋರುತ್ತಿದೆ. ಪರಿವರ್ತನೆಯ ಹತ್ತಿರ ರೋಧ ಸೊನ್ನೆಗಿಂತ ಕೆಳಗೆ, ನೆಗೆಟಿವ್‌ಗೆ ಹೋಯಿತಾ? ಅದು ಹೊಸ ಭೌತಶಾಸ್ತ್ರ ಅಲ್ಲ. ಫಿಲ್ಮಿನ ಒಂದು ಭಾಗ ಮೊದಲು ಅತಿವಾಹಕವಾಗಿ ಕರೆಂಟಿನ ದಾರಿ ಬದಲಾಗಿದೆ. ನಾಲ್ಕು ಮೂಲೆಯಲ್ಲಿ ಸಂಪರ್ಕ ಇಟ್ಟವರಿಗೆ ಇದು ಹೆಚ್ಚು ಕಾಡುತ್ತದೆ. ಉದ್ದನೆಯ ಪಟ್ಟಿಯಾಗಿ ಕತ್ತರಿಸಿ, ನಾಲ್ಕೂ ಸಂಪರ್ಕ ಒಂದೇ ಸಾಲಿನಲ್ಲಿ, ಪಟ್ಟಿಯ ಪೂರ್ತಿ ಅಗಲಕ್ಕೆ ಎಳೆದರೆ ಕಡಿಮೆಯಾಗುತ್ತದೆ.

ಇಳಿತ ಇದೆ, ಸೊನ್ನೆಗೆ ಬರುತ್ತಿಲ್ಲ

ಇದಕ್ಕೆ ಕಾರಣ ಹಲವು. ಆದರೆ ಮೊದಲು ಗಾಜನ್ನು ಕೈಗೆತ್ತಿಕೊಂಡು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಲೆಕ್ಟ್ರೋಲೈಟಿನಲ್ಲಿ ಎಷ್ಟು ಎತ್ತರದವರೆಗೆ ಅದ್ದಿದ್ದಿರೋ ಅಲ್ಲೊಂದು ಸಣ್ಣ ಗೆರೆ ಕಾಣುತ್ತದೆ. ಅದರ ಕೆಳಗೆ ಬಣ್ಣ ಚೂರು ಬೇರೆ. ಮೇಲಿನ ಭಾಗ ದ್ರವಕ್ಕೆ ತಾಗಿಲ್ಲ, ಅಲ್ಲಿ ಅಯಾನು ಹೋಗಿಲ್ಲ, ಅದು ಎಂದೂ ಸೂಪರ್‌ಕಂಡಕ್ಟರ್ ಆಗುವುದಿಲ್ಲ. ನಿಮ್ಮ ಎರಡು ವೋಲ್ಟೇಜ್ ಸಂಪರ್ಕಗಳಲ್ಲಿ ಒಂದು ಗೆರೆಯ ಆಚೆ ಬಿದ್ದಿದ್ದರೆ ಎಷ್ಟು ತಣ್ಣಗೆ ಮಾಡಿದರೂ ಒಂದಿಷ್ಟು ರೋಧ ಉಳಿದೇ ಉಳಿಯುತ್ತದೆ. ಕರೆಂಟ್ ಸಂಪರ್ಕ ಆಚೆ ಇದ್ದರೆ ಪರವಾಗಿಲ್ಲ. ವೋಲ್ಟೇಜ್ ಸಂಪರ್ಕ ಎರಡೂ ಒಳಗಿರಬೇಕು. ಗೆರೆಯಿಂದ ಒಂದೆರಡು ಮಿಲಿಮೀಟರ್ ಕೆಳಗೇ ಇರಲಿ, ಯಾಕಂದರೆ ದ್ರವ ಗಾಜಿನ ಮೇಲೆ ಹತ್ತಿಕೊಂಡು ಹೋಗಿರುತ್ತದೆ. ಅಂಚಿನಲ್ಲಿ ಚಾರ್ಜ್ ಎಷ್ಟು ಹೋಗಿದೆ ಅಂತ ಹೇಳುವುದು ಕಷ್ಟ.

ಗೆರೆ ಸರಿಯಿದ್ದರೆ ಕರೆಂಟ್ ನೋಡಿ. 1 ಮಿಲಿಆಂಪ್ ಹರಿಸುತ್ತಿದ್ದೀರಿ, ಸಂಪರ್ಕದ ರೋಧ 500 ಓಮ್ ಅಂದುಕೊಳ್ಳಿ. ಅಲ್ಲೇ 500 ಮೈಕ್ರೋವ್ಯಾಟ್ ಶಾಖ. ಗಾಜು ಕಡಿಮೆ ತಾಪಮಾನದಲ್ಲಿ ಶಾಖ ಸಾಗಿಸುವುದರಲ್ಲಿ ತೀರಾ ಸೋಮಾರಿ, ಹಾಗಾಗಿ ಫಿಲ್ಮ್ ಬಿಸಿಯಾಗಿಯೇ ಕೂತಿರುತ್ತದೆ. ಕರೆಂಟನ್ನು 100 ಮೈಕ್ರೋಆಂಪ್‌ಗೆ ಇಳಿಸಿದರೆ ಶಾಖ 5 ಮೈಕ್ರೋವ್ಯಾಟ್‌ಗೆ ಇಳಿಯುತ್ತದೆ, ನೂರು ಪಟ್ಟು ಕಡಿಮೆ. ಕರೆಂಟ್ ಅರ್ಧ ಮಾಡಿದಾಗ ಗ್ರಾಫ್ ಅಲುಗಾಡದಿದ್ದರೆ ನಿಮ್ಮ ಕರೆಂಟ್ ಸರಿಯಿದೆ. ಬಲಕ್ಕೆ ಸರಿದರೆ ಇನ್ನೂ ಇಳಿಸಿ.

ಇಷ್ಟಾದರೂ ಬಾಲ ಉಳಿದರೆ ಹೊರಗಿನ ರೇಡಿಯೋ ಗದ್ದಲ ನುಗ್ಗುತ್ತಿರಬಹುದು. ತೆಳು ಫಿಲ್ಮ್ ತಡೆದುಕೊಳ್ಳುವ ಕರೆಂಟ್ ಕಡಿಮೆ, ಅದಕ್ಕೆ ಅಷ್ಟೇ ಸಾಕು. ಜೋಡಿ ತಂತಿ ಹೆಣೆದು, ಪ್ರತಿ ತಂತಿಗೂ ಲೋ-ಪಾಸ್ ಫಿಲ್ಟರ್ ಹಾಕಿ ನೋಡಿ.

ಎರಡು ಮೆಟ್ಟಿಲು, ಅಥವಾ ಎಳೆದಾಡುವ ಇಳಿತ

ಒಂದೇ ಕಡೆ ಥಟ್ಟನೆ ಇಳಿಯಬೇಕಾದ ರೋಧ ಒಂದು ಕೆಲ್ವಿನ್ ಅಗಲಕ್ಕೆ ಹರಡಿದ್ದರೆ, ಇಲ್ಲವೇ ಮಧ್ಯೆ ಒಂದು ಮೆಟ್ಟಿಲು ಇದ್ದರೆ, ಫಿಲ್ಮಿನ ಎಲ್ಲ ಕಡೆ ಒಂದೇ ಸಮ ಚಾರ್ಜ್ ಹೋಗಿಲ್ಲ ಎಂದೇ ತಿಳಿಯಬೇಕು. ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಟಿಸಿ.

ಕಾರಣ ಸಾಮಾನ್ಯವಾಗಿ ಕ್ಲಿಪ್. ಲೆಕ್ಕ ಹಾಕೋಣ. ಫಿಲ್ಮ್ 30 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲ. ಕ್ಲಿಪ್ ಕಿರಿದಾದ ತುದಿಗೆ ಹಾಕಿದ್ದೀರಿ. ಅಂದರೆ ಮೂರು ಚದರ. ಚದರಕ್ಕೆ 100 ಓಮ್ ಇದ್ದರೆ ಒಟ್ಟು 300 ಓಮ್. ಸೆಲ್ಲಿನಲ್ಲಿ 1 ಮಿಲಿಆಂಪ್ ಹರಿದರೆ, ಅದು ಫಿಲ್ಮಿನ ಉದ್ದಕ್ಕೂ ಸಮವಾಗಿ ಒಳಹೋಗುತ್ತದೆ ಅಂತ ಹಿಡಿದರೂ, ಕ್ಲಿಪ್ಪಿನ ತುದಿಗೂ ಆಚೆ ತುದಿಗೂ 0.15 ವೋಲ್ಟ್ ವ್ಯತ್ಯಾಸ. ನೀವು ಪೊಟೆನ್ಶಿಯೋಸ್ಟಾಟಿನಲ್ಲಿ (ಸೆಲ್ಲಿಗೆ ವೋಲ್ಟೇಜ್ ಕೊಡುವ ಉಪಕರಣ) ಮಿಲಿವೋಲ್ಟ್ ಲೆಕ್ಕದಲ್ಲಿ ಹೊಂದಿಸುತ್ತಿರುತ್ತೀರಿ, ಫಿಲ್ಮಿನ ಮೇಲೆ ಅದರ ನೂರು ಪಟ್ಟು ಏರುಪೇರು ನಡೆಯುತ್ತಿರುತ್ತದೆ! ಕ್ಲಿಪ್ಪಿನ ಪಕ್ಕ ಲೋಹ ಉದುರುವಷ್ಟು ಜಾಸ್ತಿ, ಆಚೆ ತುದಿಯಲ್ಲಿ ಏನೂ ಇಲ್ಲ. ಚದರಕ್ಕೆ 10 ಓಮ್‌ನ ಫಿಲ್ಮಿನಲ್ಲಿ ಇದೇ ವ್ಯತ್ಯಾಸ 15 ಮಿಲಿವೋಲ್ಟ್ ಮಾತ್ರ.

ಪರಿಹಾರ ಸರಳ. ಉದ್ದದ ಅಂಚಿಗೆ ತಾಮ್ರದ ಪಟ್ಟಿ ಒತ್ತಿ ಕರೆಂಟ್ ಕೊಡಿ, ಆಗ ಕರೆಂಟ್ ಸಾಗುವ ದಾರಿ ಚದರದ ಮೂರನೇ ಒಂದಕ್ಕೆ ಇಳಿಯುತ್ತದೆ. ತಾಮ್ರ ಮಾತ್ರ ದ್ರವಕ್ಕೆ ತಾಗದಿರಲಿ. ಕರೆಂಟ್ ಕಡಿಮೆ ಮಾಡಿ, ಹೊತ್ತು ಜಾಸ್ತಿ ಕೊಡಿ. ಮುಗಿದ ಮೇಲೆ ಕರೆಂಟ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅಯಾನುಗಳು ದಪ್ಪದ ದಿಕ್ಕಿನಲ್ಲಿ ಸಮವಾಗಿ ಹರಡಿಕೊಳ್ಳುತ್ತವೆ. ಉದ್ದದ ದಿಕ್ಕಿನ ಏರುಪೇರು ಹಾಗೆ ಸರಿಹೋಗುತ್ತದೆ ಅಂತ ಕಾಯಬೇಡಿ. 100 ನ್ಯಾನೋಮೀಟರ್ ಎಲ್ಲಿ, 30 ಮಿಲಿಮೀಟರ್ ಎಲ್ಲಿ.

ಅನುಮಾನ ಉಳಿದರೆ ಗಾಜನ್ನು ಮೂರು ತುಂಡು ಮಾಡಿ ಒಂದೊಂದನ್ನೂ ಅಳೆಯಿರಿ. ಮೂರಕ್ಕೂ ಬೇರೆ ಟಿಸಿ, ಪ್ರತಿಯೊಂದೂ ಚೂಪಾದ ಇಳಿತ ಅಂದರೆ ಕ್ಲಿಪ್ಪಿನದೇ ತಪ್ಪು. ಪ್ರತಿ ತುಂಡಿನಲ್ಲೂ ಅದೇ ಎರಡು ಮೆಟ್ಟಿಲು ಬಂದರೆ ಫಿಲ್ಮಿನೊಳಗೇ ಎರಡು ವಸ್ತು ಇವೆ. ಲೋಹದ ಭಾಗಕ್ಕೆ ಹೋಗಿ.

2 ಕೆಲ್ವಿನ್‌ವರೆಗೂ ಏನೂ ಇಲ್ಲ

ಮೊದಲು ಕೇಳಬೇಕಾದ್ದು: ಫಿಲ್ಮ್ ನಿಜಕ್ಕೂ 2 ಕೆಲ್ವಿನ್‌ನಲ್ಲಿದೆಯಾ? ಥರ್ಮಾಮೀಟರ್ ಇರುವುದು ತಾಮ್ರದ ಗಟ್ಟಿಯಲ್ಲಿ. ಫಿಲ್ಮ್ ಇರುವುದು ಒಂದು ಮಿಲಿಮೀಟರ್ ಗಾಜಿನ ಆಚೆ. ಅದರ ಮೇಲೆ ಕೋಣೆಯಿಂದ ಬಂದ ನಾಲ್ಕು ತಂತಿ ಶಾಖ ಸುರಿಯುತ್ತಿವೆ. ಗಾಜಿನಡಿ ಗ್ರೀಸ್ ತೆಳುವಾಗಿ ಹಚ್ಚಿ. ತಂತಿಗಳನ್ನು ಮಾದರಿಗೆ ಮುಟ್ಟುವ ಮೊದಲೇ ತಾಮ್ರದ ಕಂಬಕ್ಕೆ ಸುತ್ತಿ ತಣ್ಣಗೆ ಮಾಡಿ. ಇಳಿಸುವಾಗಲೂ ಏರಿಸುವಾಗಲೂ ಗ್ರಾಫ್ ತೆಗೆಯಿರಿ. ಎರಡರ ನಡುವೆ ಅಂತರ ಇದ್ದರೆ ಅದು ಥರ್ಮಾಮೀಟರಿಗೂ ಫಿಲ್ಮಿಗೂ ಇರುವ ಅಂತರ. ನಿಧಾನ ಮಾಡಿದಷ್ಟೂ ಅದು ಮುಚ್ಚಿಕೊಳ್ಳಬೇಕು.

ಅದು ಸರಿಯಿದ್ದರೆ ಚಾರ್ಜ್ ಲೆಕ್ಕಕ್ಕೆ ಬನ್ನಿ. ಇಲ್ಲಿ ಹೆಚ್ಚಿನವರು ಎಡವುವುದು ಸಂಖ್ಯೆ ಎಷ್ಟು ಚಿಕ್ಕದು ಅನ್ನುವುದು ಗೊತ್ತಿಲ್ಲದೆ. ಒಂದು ಚದರ ಸೆಂಟಿಮೀಟರ್, 100 ನ್ಯಾನೋಮೀಟರ್ ದಪ್ಪದ ಫಿಲ್ಮಿನ ಗಾತ್ರ 10⁻⁵ ಘನ ಸೆಂಟಿಮೀಟರ್. ಘನ ಸೆಂಟಿಮೀಟರಿಗೆ 10²¹ ಎಲೆಕ್ಟ್ರಾನ್ ಸೇರಿಸಬೇಕು ಅಂದರೆ ಬೇಕಾದ್ದು 10¹⁶ ಎಲೆಕ್ಟ್ರಾನ್. ಅಂದರೆ 1.6 ಮಿಲಿಕೂಲಂಬ್ ಮಾತ್ರ. ಸೆಲ್ಲಿನಲ್ಲಿ 10 ಮೈಕ್ರೋಆಂಪ್ ಸೋರಿಕೆ ಇದ್ದರೆ 160 ಸೆಕೆಂಡಿನಲ್ಲಿ ಅಷ್ಟೂ ಚಾರ್ಜ್ ಸೋರಿಕೆಯಲ್ಲೇ ಹೋಗಿರುತ್ತದೆ! ಮೀಟರ್ ಮಾತ್ರ "ಎಲ್ಲ ಫಿಲ್ಮಿಗೇ ಹೋಯಿತು" ಅಂತ ಹೇಳುತ್ತಿರುತ್ತದೆ.

ಸೋರಿಕೆ ಎಲ್ಲಿಂದ? ದ್ರವದಲ್ಲಿ ಕರಗಿದ ಆಕ್ಸಿಜನ್ ಮುಖ್ಯ ಕಳ್ಳ. ಚಾರ್ಜ್ ಮಾಡುವ ಮೊದಲು ಆರ್ಗಾನ್ ಅಥವಾ ನೈಟ್ರೋಜನ್ ಗುಳ್ಳೆ ಬಿಡಿ, ಅರ್ಧ ಗಂಟೆಯಾದರೂ. ನೀರಿನ ದ್ರವವಾದರೆ ಹೈಡ್ರೋಜನ್ ಹುಟ್ಟುವುದರಲ್ಲೂ ಚಾರ್ಜ್ ಕಳೆಯುತ್ತದೆ, ಫಿಲ್ಮಿನ ಮೇಲೆ ಸಣ್ಣ ಗುಳ್ಳೆ ಕಂಡರೆ ಅದೇ. ಪ್ರೊಪಿಲೀನ್ ಕಾರ್ಬೊನೇಟ್ ತರದ ಸಾವಯವ ದ್ರವ ಬಳಸುವವರಿಗೂ ಬಿಡುಗಡೆ ಇಲ್ಲ. ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ.

ಆಮೇಲೆ ರೆಫರೆನ್ಸ್ ಎಲೆಕ್ಟ್ರೋಡ್, ಅಂದರೆ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೀರೋ ಅದು. ಅದು ಜಾರಿದರೆ ನೀವು ಕೊಟ್ಟೆನೆಂದುಕೊಂಡ ವೋಲ್ಟೇಜೂ ಜಾರಿರುತ್ತದೆ. ಹೊಸದೊಂದರ ಜೊತೆ ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ.

ಚಾರ್ಜ್ ಹೋಗಿದೆಯಾ ಅಂತ ತಣ್ಣಗೆ ಮಾಡದೆಯೇ ತಿಳಿಯುವ ದಾರಿಯೂ ಇದೆ. ಹಾಲ್ ಅಳತೆ (ಕಾಂತಕ್ಷೇತ್ರದಲ್ಲಿ ಕರೆಂಟಿಗೆ ಅಡ್ಡಲಾಗಿ ಹುಟ್ಟುವ ವೋಲ್ಟೇಜಿನ ಅಳತೆ) ಮಾಡಿದರೆ ಎಲೆಕ್ಟ್ರಾನ್ ಸಂಖ್ಯೆ ನೇರವಾಗಿ ಸಿಗುತ್ತದೆ. ಸ್ಪೆಕ್ಟ್ರೋಮೀಟರ್ ಇದ್ದರೆ ಇನ್ನೂ ಸುಲಭ. ಎಲೆಕ್ಟ್ರಾನ್ ಜಾಸ್ತಿಯಾದಂತೆ ಇನ್‌ಫ್ರಾರೆಡ್‌ನಲ್ಲಿ ಪಾರದರ್ಶಕತೆ ಬೀಳುವ ಅಂಚು ಗೋಚರ ಬೆಳಕಿನ ಕಡೆ ಸರಿಯುತ್ತದೆ. ಅಂಚು ಸರಿಯದೆ ಮೀಟರಿನಲ್ಲಿ ಮಾತ್ರ ಮಿಲಿಕೂಲಂಬುಗಳು ಏರುತ್ತಿದ್ದರೆ ಹೀಲಿಯಂ ಖರ್ಚು ಮಾಡಬೇಡಿ.

ಗ್ರಾಫಿನಲ್ಲಿ ಕಾಣುವ ಕೆಲವು ಪರಿಚಿತ ಸಂಖ್ಯೆಗಳು

ಕೆಲವು ತಾಪಮಾನಗಳಲ್ಲಿ ಏನಾದರೂ ಕಂಡರೆ ಫಿಲ್ಮನ್ನು ಬಿಟ್ಟು ಸುತ್ತಮುತ್ತ ನೋಡಬೇಕು.

7 ಕೆಲ್ವಿನ್ ಹತ್ತಿರ ಸಣ್ಣ ಮೆಟ್ಟಿಲು: ಬೆಸುಗೆ. ಸೀಸದ ಟಿಸಿ 7.2 ಕೆಲ್ವಿನ್, ಸೀಸ-ತವರದ ಬೆಸುಗೆಯೂ ಅಲ್ಲೇ ಹತ್ತಿರ. ನಾಲ್ಕು ತಂತಿಯ ಅಳತೆ ಸರಿಯಿದ್ದರೆ ಬೆಸುಗೆ ಲೆಕ್ಕಕ್ಕೇ ಬರಬಾರದು. ಬಂತು ಅಂದರೆ ನಿಮ್ಮ ನಾಲ್ಕು ತಂತಿ ಎಲ್ಲೋ ಎರಡಾಗಿದೆ.

4.2 ಕೆಲ್ವಿನ್: ಹೀಲಿಯಂ ಕುದಿಯುವ ಬಿಂದು. ಮಾದರಿಯ ಕೋಣೆಯಲ್ಲಿ ದ್ರವ ಹೀಲಿಯಂ ತೊಟ್ಟು ತೊಟ್ಟಾಗಿ ಕೂಡಿ ಆವಿಯಾಗುವಾಗ ತಾಪಮಾನ ನಿಲ್ಲುವುದಿಲ್ಲ. ದುರದೃಷ್ಟಕ್ಕೆ ಐಟಿಒದ ಆಸಕ್ತಿಯ ಜಾಗವೂ ಇದೇ. ಇಲ್ಲಿ ನಿಧಾನವಾಗಿ ಹೋಗಿ, ಏರಿಸುವಾಗ ಬಂದ ಗ್ರಾಫನ್ನೇ ನಂಬಿ.

2.17 ಕೆಲ್ವಿನ್: ದ್ರವ ಹೀಲಿಯಂ ಸೂಪರ್‌ಫ್ಲೂಯಿಡ್ ಆಗುವ ಬಿಂದು. ಮಾದರಿ ದ್ರವದಲ್ಲೇ ಮುಳುಗಿದ್ದರೆ ಇಲ್ಲಿ ಶಾಖ ಥಟ್ಟನೆ ಚೆನ್ನಾಗಿ ಹೋಗತೊಡಗುತ್ತದೆ, ಬಿಸಿಯಾಗಿ ಕೂತ ಫಿಲ್ಮ್ ತಣ್ಣಗಾಗುತ್ತದೆ, ಗ್ರಾಫಿನಲ್ಲಿ ಒಂದು ಮುರಿತ ಕಾಣುತ್ತದೆ. ಕರೆಂಟ್ ಜಾಸ್ತಿ ಇದೆ ಅನ್ನುವ ಸೂಚನೆಯೂ ಹೌದು.

3.4 ಮತ್ತು 3.7 ಕೆಲ್ವಿನ್: ಇಂಡಿಯಂ 3.41, ತವರ 3.72. ಸಂಪರ್ಕಕ್ಕೆ ಇಂಡಿಯಂ ಒತ್ತಿದ್ದರೆ ಮೊದಲು ಅದನ್ನು ಕಿತ್ತು ಸಿಲ್ವರ್ ಪೇಂಟ್ ಹಾಕಿ ಮತ್ತೆ ಅಳೆಯಿರಿ. ಸೂಪರ್‌ಕಂಡಕ್ಟರ್ ಹುಡುಕುವ ಕೆಲಸಕ್ಕೆ ಸೂಪರ್‌ಕಂಡಕ್ಟರನ್ನೇ ಸಂಪರ್ಕವಾಗಿ ಬಳಸುವುದು ಬೇಡದ ತಲೆನೋವು. ಬದಲಿಸಿದರೂ ಮೆಟ್ಟಿಲು ಹಾಗೇ ಇದ್ದರೆ ಮುಂದಿನದನ್ನು ಓದಿ.

ಫಿಲ್ಮ್ ಮಂಕಾಗಿದೆ: ಲೋಹವಾ, ಐಟಿಒವಾ?

ಅತಿಯಾಗಿ ನೆಗೆಟಿವ್ ವೋಲ್ಟೇಜ್ ಕೊಟ್ಟರೆ ಆಕ್ಸೈಡ್ ಒಡೆದು ಇಂಡಿಯಂ, ತವರದ ಹನಿಗಳು ಹುಟ್ಟುತ್ತವೆ. ಮೊದಲ ಪರೀಕ್ಷೆಗೆ ಟಾರ್ಚ್ ಸಾಕು. ಕಪ್ಪು ಕಾಗದದ ಮೇಲೆ ಗಾಜಿಟ್ಟು ಪಕ್ಕದಿಂದ ಬೆಳಕು ಬಿಡಿ. ನೇರ ನೋಡಿದಾಗ ತಿಳಿಯಾಗಿದ್ದು ಪಕ್ಕದ ಬೆಳಕಿಗೆ ಹಾಲಿನಂತೆ ಮಸುಕಾದರೆ ಬೆಳಕು ಕಣಗಳಿಗೆ ತಾಗಿ ಚದುರುತ್ತಿದೆ. ಹನಿಗಳಿರುವ ಸಾಧ್ಯತೆ ಹೆಚ್ಚು. ಮಸುಕಿಲ್ಲದೆ ಸಮವಾಗಿ ಕಂದು ಛಾಯೆ ಬಂದಿದ್ದರೆ ಅಷ್ಟು ಬೇಗ ಹೆದರಬೇಡಿ. ಕೋಣೆಯ ತಾಪಮಾನದ ರೋಧವನ್ನೂ ನೋಡಿ. ಫಿಲ್ಮ್ ಬೂದು ಬಣ್ಣಕ್ಕೆ ತಿರುಗಿ ಅದರ ಜೊತೆಗೇ ರೋಧವೂ ಏರಿದ್ದರೆ, ಆಕ್ಸೈಡ್ ಕರಗಿ ಬಿಡಿ ಬಿಡಿ ಹನಿಯಾಗಿದೆ ಎನ್ನುವ ಅನುಮಾನ ಗಟ್ಟಿಯಾಗುತ್ತದೆ.

ಚಾರ್ಜ್ ಲೆಕ್ಕವೂ ಹೇಳುತ್ತದೆ. ಅದೇ ಒಂದು ಚದರ ಸೆಂಟಿಮೀಟರ್, 100 ನ್ಯಾನೋಮೀಟರ್ ಫಿಲ್ಮಿನಲ್ಲಿ ಸುಮಾರು 70 ಮೈಕ್ರೋಗ್ರಾಂ ಆಕ್ಸೈಡ್ ಇದೆ. ಅದನ್ನು ಪೂರ್ತಿ ಲೋಹ ಮಾಡಲು ಹೆಚ್ಚುಕಡಿಮೆ 150 ಮಿಲಿಕೂಲಂಬ್ ಬೇಕು. ಸೋರಿಕೆ ಕಳೆದು 15 ಮಿಲಿಕೂಲಂಬ್ ಹೋಗಿದ್ದರೆ ಹತ್ತನೇ ಒಂದು ಪಾಲು ಲೋಹವಾಗುವಷ್ಟು ಚಾರ್ಜ್ ಕೊಟ್ಟಿದ್ದೀರಿ ಎಂದಾಯಿತು. ಡೋಪ್ ಮಾಡಲು, ಅಂದರೆ ಫಿಲ್ಮಿಗೆ ಎಲೆಕ್ಟ್ರಾನ್ ಸೇರಿಸಲು ಬೇಕಿದ್ದದ್ದು ಒಂದೆರಡು ಮಿಲಿಕೂಲಂಬ್, ನೆನಪಿರಲಿ.

ಎಕ್ಸ್‌ರೇ ಡಿಫ್ರಾಕ್ಷನ್ ಇದ್ದರೆ ತಾಮ್ರದ ಕಿರಣದಲ್ಲಿ 32.9 ಡಿಗ್ರಿ ಹತ್ತಿರ ನೋಡಿ. ಅಲ್ಲಿ ಶಿಖರ ಇದ್ದರೆ ಇಂಡಿಯಂ ಲೋಹ. ತವರ ಮಾತ್ರ ಚೆನ್ನಾಗಿ ಅಡಗಿಕೊಳ್ಳುತ್ತದೆ. ಅದರ ದೊಡ್ಡ ಶಿಖರ 30.6 ಡಿಗ್ರಿಯಲ್ಲಿ, ಐಟಿಒದ ದೊಡ್ಡ ಶಿಖರವೂ ಅಲ್ಲೇ. ತವರಕ್ಕಾಗಿ 32.0 ಡಿಗ್ರಿಯ ಎರಡನೇ ಶಿಖರ ಹುಡುಕಬೇಕು. ಶಿಖರ ಕಾಣಲಿಲ್ಲ ಅಂದಮಾತ್ರಕ್ಕೆ ಲೋಹ ಇಲ್ಲ ಅಂತಲೂ ಅಲ್ಲ. ಹನಿ ತೀರಾ ಸಣ್ಣದಿದ್ದರೆ ಶಿಖರ ಅಗಲವಾಗಿ ನೆಲಮಟ್ಟದಲ್ಲಿ ಕರಗಿಹೋಗುತ್ತದೆ.

"ನನ್ನ ಟಿಸಿ 4.5 ಕೆಲ್ವಿನ್, ಇಂಡಿಯಂ ತವರ ಎರಡಕ್ಕಿಂತ ಮೇಲೆ, ಹಾಗಾಗಿ ಇದು ಲೋಹ ಅಲ್ಲ" ಎನ್ನುವ ವಾದ ಆಗಾಗ ಕೇಳಿಬರುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ಇಂಡಿಯಂ ಮತ್ತು ತವರ ಬೆರೆತ ಮಿಶ್ರಲೋಹದ ಟಿಸಿ ಎರಡಕ್ಕಿಂತಲೂ ಮೇಲೆ ಹೋಗುತ್ತದೆ. ಐಟಿಒ ಒಡೆದಾಗ ಹುಟ್ಟುವುದೂ ಆ ಎರಡೇ ತಾನೆ?

"ಪಾಸಿಟಿವ್ ವೋಲ್ಟೇಜ್ ಕೊಟ್ಟರೆ ಮಾಯವಾಯಿತು, ಹಾಗಾಗಿ ಅಯಾನಿನದೇ ಕೆಲಸ" ಎನ್ನುವುದೂ ಅಷ್ಟೇ. ಪಾಸಿಟಿವ್ ವೋಲ್ಟೇಜಿಗೆ ಲೋಹದ ಹನಿಯೂ ಆಕ್ಸಿಡೀಕರಣಗೊಂಡು ಕರಗಿ ಹೋಗುತ್ತದೆ. ಮಾಯವಾದ ಮೇಲೆ ಮತ್ತೆ ಚಾರ್ಜ್ ಮಾಡಿದಾಗ ಅದೇ ಟಿಸಿ, ಅದೇ ರೋಧ, ಅದೇ ಪಾರದರ್ಶಕತೆ ಮರಳಿ ಬಂದರೆ ಆಗ ಮಾತಿಗೆ ತೂಕ. ಪ್ರತಿ ಸುತ್ತಿಗೂ ಫಿಲ್ಮ್ ತೆಳುವಾಗುತ್ತಾ, ರೋಧ ಏರುತ್ತಾ ಹೋದರೆ ಲೋಹವೇ ಕರಗುತ್ತಿದೆ.

ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯ ಪರೀಕ್ಷೆ ಕಾಂತಕ್ಷೇತ್ರ. ಗಟ್ಟಿ ಇಂಡಿಯಂ ಸೊನ್ನೆ ಕೆಲ್ವಿನ್ ಬಳಿಯೂ ಸುಮಾರು 28 ಮಿಲಿಟೆಸ್ಲಾಕ್ಕೆ ಸೋಲುತ್ತದೆ, ತವರ 30ಕ್ಕೆ. ಅಷ್ಟು ಕ್ಷೇತ್ರಕ್ಕೇ ಮೆಟ್ಟಿಲು ಅಳಿಸಿಹೋದರೆ ತೀರ್ಪು ಬಹುತೇಕ ಬಂದಂತೆ. ಉಳಿದುಕೊಂಡರೆ ಮಾತ್ರ ಇನ್ನೂ ಕೆಲಸ ಇದೆ, ಯಾಕಂದರೆ ಬಹಳ ಸಣ್ಣ ಹನಿ, ಮಿಶ್ರಲೋಹ ಎರಡೂ ಹೆಚ್ಚು ಕ್ಷೇತ್ರ ತಡೆಯುತ್ತವೆ. ಆಗ ಗಾಜನ್ನು ತಿರುಗಿಸಿ. ಫಿಲ್ಮಿಗೆ ಲಂಬವಾಗಿ ಒಮ್ಮೆ, ಸಮಾನಾಂತರವಾಗಿ ಒಮ್ಮೆ ಕ್ಷೇತ್ರ ಕೊಡಿ. ತೆಳುವಾದ ಅತಿವಾಹಕ ಪದರ ಸಮಾನಾಂತರ ಕ್ಷೇತ್ರವನ್ನು ಜಾಸ್ತಿ ತಡೆಯುತ್ತದೆ. ಬಿಡಿ ಬಿಡಿ ಗುಂಡು ಹನಿಗಳಿಗೆ ಯಾವ ದಿಕ್ಕಾದರೂ ಒಂದೇ.

ಎರಡು ಸುರುಳಿಗಳ ನಡುವೆ ಫಿಲ್ಮ್ ಇಟ್ಟು, ಒಂದರಿಂದ ಇನ್ನೊಂದಕ್ಕೆ ದಾಟುವ ಎಸಿ ಸಿಗ್ನಲ್ ನೋಡುವುದೂ ಒಳ್ಳೆಯ ದಾರಿ. ಇಡೀ ಪದರ ಅತಿವಾಹಕವಾಗಿದ್ದರೆ ಸಿಗ್ನಲ್ ತಡೆಹಿಡಿಯುತ್ತದೆ. ರೋಧದ ಅಳತೆಗೆ ಒಂದು ಎಳೆಯಷ್ಟು ದಾರಿ ಸಿಕ್ಕರೂ ಸೊನ್ನೆ ತೋರಿಸುತ್ತದೆ, ಸುರುಳಿ ಹಾಗೆ ಮೋಸ ಹೋಗುವುದಿಲ್ಲ.

ನಿನ್ನೆ ಇತ್ತು, ಇವತ್ತು ಇಲ್ಲ

ಒಳಗೆ ತೂರಿಸಿದ ಅಯಾನು ಅಲ್ಲೇ ಕೂರುತ್ತದೆ ಅಂತ ಗ್ಯಾರಂಟಿ ಇಲ್ಲ. ಗಾಳಿಯ ತೇವ, ಆಕ್ಸಿಜನ್ ಎರಡೂ ಸೇರಿ ಎಲೆಕ್ಟ್ರಾನನ್ನು ವಾಪಸ್ ಕಿತ್ತುಕೊಳ್ಳುತ್ತವೆ. ಸೆಲ್ಲಿನಿಂದ ತೆಗೆದ ತಕ್ಷಣ ತೊಳೆದು, ಆರ್ಗಾನಿನಲ್ಲಿ ಒಣಗಿಸಿ, ಅಲ್ಲೇ ಮುಚ್ಚಿಡಿ. ತೊಳೆಯದೆ ಬಿಟ್ಟರೆ ಉಪ್ಪಿನ ಪೊರೆ ತೇವ ಹೀರಿ ಫಿಲ್ಮನ್ನು ತಿನ್ನುತ್ತಲೇ ಇರುತ್ತದೆ. ಬಿಸಿ ಮಾಡಿ ಒಣಗಿಸಬೇಡಿ. ಸಿಲ್ವರ್ ಪೇಂಟನ್ನು ಒಲೆಯಲ್ಲಿ ಒಣಗಿಸುವ ಅಭ್ಯಾಸ ಇದ್ದವರು ಇಲ್ಲಿ ಅದನ್ನು ಬಿಡಬೇಕು. ಕಾದಿಟ್ಟ ಮಾದರಿಯನ್ನು ಅಳೆಯುವ ಮುಂಚೆ ಕೋಣೆಯ ತಾಪಮಾನದ ರೋಧ ಮತ್ತೆ ನೋಡಿ. ಬರೆದಿಟ್ಟ ಸಂಖ್ಯೆಯಿಂದ ಅದು ಜಾರಿದ್ದರೆ, ಈಗ ನಿಮ್ಮ ಕೈಯಲ್ಲಿರುವುದು ಬೇರೆಯೇ ಮಾದರಿ.

ಕ್ರಯೋಸ್ಟಾಟಿನೊಳಗೇ ವೋಲ್ಟೇಜ್ ಕೊಡುವವರಿಗೆ

ಅಯಾನಿಕ್ ದ್ರವದ ತೊಟ್ಟು ಹಾಕಿ ಒಳಗೇ ಗೇಟ್ ಮಾಡುವವರ (ದ್ರವದ ಮೂಲಕ ಫಿಲ್ಮಿಗೆ ವೋಲ್ಟೇಜ್ ಕೊಡುವವರ) ದೂರು ಒಂದೇ: "ವೋಲ್ಟೇಜ್ ಬದಲಿಸಿದರೂ ಟಿಸಿ ಅಲುಗಾಡುವುದಿಲ್ಲ." ದ್ರವ ಹೆಪ್ಪುಗಟ್ಟಿದ ಮೇಲೆ ಅಯಾನು ಚಲಿಸುವುದಿಲ್ಲ, ಅಲ್ವಾ? ವೋಲ್ಟೇಜನ್ನು ದ್ರವ ಇನ್ನೂ ದ್ರವವಾಗಿರುವಾಗಲೇ ಕೊಡಬೇಕು, ಗೇಟಿನ ಕರೆಂಟ್ ಇಳಿದು ನಿಲ್ಲುವವರೆಗೆ ಕಾಯಬೇಕು, ವೋಲ್ಟೇಜ್ ಹಾಗೇ ಇಟ್ಟುಕೊಂಡು ತಣ್ಣಗೆ ಮಾಡಬೇಕು. ಹೊಸ ವೋಲ್ಟೇಜ್ ಬೇಕಾದರೆ ಮತ್ತೆ ಮೇಲೇರಲೇಬೇಕು. ತೀರಾ ಬೆಚ್ಚಗಿದ್ದರೆ ಬೇಡದ ರಾಸಾಯನಿಕ ಕ್ರಿಯೆ ಜೋರಾಗುತ್ತದೆ. ಹೆಪ್ಪುಗಟ್ಟುವ ಬಿಂದುವಿಗಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳುವುದೇ ರೂಢಿ.

ಅಯಾನಿಕ್ ದ್ರವದ ಬದಲು ಪ್ರೊಪಿಲೀನ್ ಕಾರ್ಬೊನೇಟ್ ಬಳಸಿದರೆ ಅದು ಹೆಪ್ಪುಗಟ್ಟುವುದು ಮೈನಸ್ 49 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ದಪ್ಪ ತೊಟ್ಟು ಗಡ್ಡೆ ಕಟ್ಟುವಾಗ ಫಿಲ್ಮನ್ನೇ ಎಳೆದು ಬಿರುಕು ಬಿಡಿಸಬಹುದು. ತಣ್ಣಗಾಗುವ ಗ್ರಾಫಿನಲ್ಲಿ ಆ ತಾಪಮಾನದ ಬಳಿ ರೋಧ ಒಮ್ಮೆಲೇ ಮೇಲಕ್ಕೆ ಹಾರಿದ್ದರೆ, ಬೆಚ್ಚಗಾದ ಮೇಲೂ ಇಳಿಯದಿದ್ದರೆ, ಆ ಫಿಲ್ಮ್ ಮುಗಿಯಿತು. ಹೊಸದು ತೆಗೆದುಕೊಂಡು ತೊಟ್ಟಿನ ಗಾತ್ರ ಕಡಿಮೆ ಮಾಡಿ, ಮೇಲೊಂದು ತೆಳು ಗಾಜು ಒತ್ತಿ ದ್ರವವನ್ನು ಹರಡಿ.